ಸಣ್ಣ ಗಾಯ, ದೊಡ್ಡ ಶಸ್ತ್ರಚಿಕಿತ್ಸೆ

ಶಸ್ತ್ರಚಿಕಿತ್ಸೆಯಾದವರನ್ನು ನೋಡಿಬರಲು ಹೋದ ನೆಂಟರು ಮೊದಲು ಕೇಳುವ ಪ್ರಶ್ನೆ, "ಹೊಲಿಗೆ ಎಷ್ಟು ಹಾಕಿದ್ದಾರೆ?" ಎಂಬುದು. ಹೊಲಿಗೆ ಹೆಚ್ಚಾದರೆ ಶಸ್ತ್ರಚಿಕಿತ್ಸೆ ದೊಡ್ಡದು, ಕಡಿಮೆಯಾದರೆ ಚಿಕ್ಕದು ಎಂಬ ಲೆಕ್ಕ ನಮ್ಮ ಜನರ ಮನಸ್ಸಿನಲ್ಲಿ ಬೇರೂರಿದೆ. ಹೊರಗಿನವರ ಕಣ್ಣಿಗೆ ಕಾಣುವುದು ಗಾಯವೊಂದೇ ಆದಕಾರಣ ಈ ಲೆಕ್ಕ ಸಹಜವಾದದ್ದೇ. ಆದರೆ ಸಹಜವಾದದ್ದೆಲ್ಲ ಸರಿಯಾಗಿರಬೇಕೆಂಬ ನಿಯಮವಿಲ್ಲ. ಕಳೆದ ಮೂರು ದಶಕಗಳಿಂದ ವೈದ್ಯರು ಹೊಟ್ಟೆಯನ್ನೂ ಎದೆಯನ್ನೂ ಉದ್ದಕ್ಕೆ ಕೊಯ್ಯದೆ, ನಾಲ್ಕಾರು ಸಣ್ಣ ರಂಧ್ರಗಳ ಮೂಲಕ ದರ್ಶಕನಳಿಗೆಯನ್ನೂ ನೀಳವಾದ ಉಪಕರಣಗಳನ್ನೂ ಒಳಕ್ಕೆ ತೂರಿಸಿ ಕೆಲಸ ನಡೆಸುವುದನ್ನು ಕಲಿತಿರುವರು. ಇದಕ್ಕೆ ಕೀಹೋಲ್ ಶಸ್ತ್ರಚಿಕಿತ್ಸೆ, ಎಂದರೆ ಬೀಗದ ಕಂಡಿಯ ಶಸ್ತ್ರಚಿಕಿತ್ಸೆ, ಎಂಬ ಹೆಸರು ಬಳಕೆಗೆ ಬಂದಿದೆ. ಹೆಸರು ಬಂದದ್ದೇ ತಡ, ಜಾಹೀರಾತುಗಳಲ್ಲಿ ಗಾಯದ ಅಳತೆಯೇ ಚಿಕಿತ್ಸೆಯ ಗುಣದ ಅಳತೆಯಾಗಿಬಿಟ್ಟಿತು. ಈ ಅಳತೆಗೋಲು ಎಷ್ಟರಮಟ್ಟಿಗೆ ನೆಚ್ಚತಕ್ಕದ್ದು ಎಂಬುದನ್ನು ಅನ್ನನಾಳದ ಕ್ಯಾನ್ಸರಿಗೆ ಮಾಡುವ ಶಸ್ತ್ರಚಿಕಿತ್ಸೆಯ ಉದಾಹರಣೆಯಿಂದ ವಿಚಾರ ಮಾಡಬೇಕೆಂದಿದ್ದೇವೆ.

ಅನ್ನನಾಳವು ಗಂಟಲಿನಿಂದ ಜಠರಕ್ಕೆ ಇಳಿಯುವ, ಸುಮಾರು 25 ಸೆಂಟಿಮೀಟರು ಉದ್ದದ ಸ್ನಾಯುವಿನ ಕೊಳವೆ. ಅದು ಶ್ವಾಸನಾಳದ ಬೆನ್ನಿಗೆ ಆತುಕೊಂಡು ಎದೆಯನ್ನು ಹೊಕ್ಕು, ಹೃದಯದ ಹಿಂದಿನಿಂದ ಹಾದು, ವಪೆಯಲ್ಲಿರುವ ಒಂದು ಕಂಡಿಯ ಮೂಲಕ ಹೊಟ್ಟೆಯನ್ನು ಸೇರುತ್ತದೆ. ಅದರ ಎರಡು ಪಕ್ಕಗಳಲ್ಲಿಯೂ ಶ್ವಾಸಕೋಶಗಳು. ಅನ್ನದ ದಾರಿಗೂ ಉಸಿರಿನ ದಾರಿಗೂ ನಡುವೆ ಇಷ್ಟು ಒತ್ತಾದ ನೆರೆಹೊರೆಯಿರುವುದೇ ಮುಂದೆ ನಾವು ಹೇಳಲಿರುವ ತೊಂದರೆಗಳಿಗೆಲ್ಲ ಮೂಲ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 5 ಲಕ್ಷ ಜನರಲ್ಲಿ ಅನ್ನನಾಳದ ಕ್ಯಾನ್ಸರು ಹೊಸದಾಗಿ ಕಾಣಿಸಿಕೊಂಡಿತೆಂದು ಅಂದಾಜು ಮಾಡಿರುವರು. ಅದರಲ್ಲಿ ಸುಮಾರು 70 ಸಾವಿರ ಮಂದಿ ಭಾರತದವರು. ತಂಬಾಕು ಮತ್ತು ಮದ್ಯ ಇದರ ಮುಖ್ಯ ಕಾರಣಗಳಲ್ಲಿ ಸೇರಿವೆ. ಅಡಿಕೆಯೂ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ತೀರ್ಮಾನಿಸಿದೆ. ಅಡಿಕೆಯ ನಾಡಿನವರಾದ ನಮಗೆ ಇದು ಕಹಿಯಾದ ಮಾತು. ಆದರೂ ಹೇಳದೆ ವಿಧಿಯಿಲ್ಲ.

ಈ ರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡುವಾಗ ಗೆಡ್ಡೆಯಿರುವ ಅನ್ನನಾಳದ ಬಹುಭಾಗವನ್ನು ಸುತ್ತಣ ದುಗ್ಧರಸ ಗ್ರಂಥಿಗಳ ಸಮೇತ ತೆಗೆದುಹಾಕುವರು. ಬಳಿಕ ಜಠರವನ್ನು ಕತ್ತರಿಸಿ ನೀಳವಾದ ಕೊಳವೆಯಾಗಿ ರೂಪಿಸಿ, ಅದನ್ನು ಹೊಟ್ಟೆಯಿಂದ ಎದೆಯೊಳಕ್ಕೆ ಎಳೆದು, ಉಳಿದಿರುವ ಅನ್ನನಾಳದ ತುದಿಗೆ ಸೇರಿಸಿ ಹೊಲಿಯುವರು. ಎಂದರೆ ಒಂದೇ ದಿನ ಹೊಟ್ಟೆಯಲ್ಲಿಯೂ ಎದೆಯಲ್ಲಿಯೂ, ಕೆಲವೊಮ್ಮೆ ಕತ್ತಿನಲ್ಲಿಯೂ, ಕೆಲಸ ನಡೆಯಬೇಕು. ರಂಧ್ರ ಸಣ್ಣದಾದ ಮಾತ್ರಕ್ಕೆ ಈ ಕೆಲಸಗಳಲ್ಲಿ ಒಂದಾದರೂ ಕಡಿಮೆಯಾಗುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಎದೆಯನ್ನು ತೆರೆಯುವುದೇ ಒಂದು ಕಾಲದಲ್ಲಿ ಅಸಾಧ್ಯವೆನಿಸಿತ್ತು. ಮುಚ್ಚಿದ ಎದೆಗೂಡಿನಲ್ಲಿ ಶ್ವಾಸಕೋಶದ ಸುತ್ತಣ ಒತ್ತಡವು ಹೊರಗಣ ವಾಯುವಿನ ಒತ್ತಡಕ್ಕಿಂತ ಕಡಿಮೆಯಿರುವುದರಿಂದಲೇ ಶ್ವಾಸಕೋಶವು ಅರಳಿ ನಿಂತಿರುವುದು. ಎದೆಯ ಗೋಡೆಯಲ್ಲಿ ಕಂಡಿ ಬಿದ್ದೊಡನೆ ಗಾಳಿ ಒಳನುಗ್ಗಿ ಶ್ವಾಸಕೋಶ ಕುಸಿದುಬೀಳುವುದು. ಜರ್ಮನಿಯ ಜಾವರ್‌ಬ್ರುಖ್ ಎಂಬಾತನು 1904ರಲ್ಲಿ ಬ್ರೆಸ್ಲೌ ನಗರದಲ್ಲಿ ಇದಕ್ಕೊಂದು ವಿಚಿತ್ರವಾದ ಪರಿಹಾರವನ್ನು ಹೂಡಿದನು. ಒತ್ತಡ ತಗ್ಗಿಸಿದ ಒಂದು ಕೋಣೆ. ಅದರೊಳಗೆ ರೋಗಿಯ ಮೈ, ಜೊತೆಗೆ ಶಸ್ತ್ರವೈದ್ಯರು. ರೋಗಿಯ ತಲೆ ಮಾತ್ರ ಹೊರಗೆ! ಆ ಕೋಣೆಗಿಂತ ಸುಲಭವಾದ ದಾರಿಯನ್ನು ನ್ಯೂಯಾರ್ಕಿನ ಮೆಲ್ಟ್‌ಸರ್ ಮತ್ತು ಔಯರ್ ಎಂಬ ಶರೀರವಿಜ್ಞಾನಿಗಳು 1909ರಲ್ಲಿ ತೋರಿಸಿದರು: ಶ್ವಾಸನಾಳಕ್ಕೆ ಕೊಳವೆ ಇಳಿಬಿಟ್ಟು ಗಾಳಿಯನ್ನು ಒಳಗಿನಿಂದಲೇ ಒತ್ತಿ ಊದುವುದು. ಈ ವಿಧಾನದ ನೆರವಿನಿಂದ 1913ರಲ್ಲಿ ಅದೇ ನಗರದ ಟೋರೆಕ್ ಎಂಬ ಶಸ್ತ್ರವೈದ್ಯನು 67 ವರ್ಷದ ಮಹಿಳೆಯೊಬ್ಬರ ಎದೆಯಿಂದ ಕ್ಯಾನ್ಸರು ಹಿಡಿದ ಅನ್ನನಾಳವನ್ನು ತೆಗೆದನು. ಆಕೆ ರಬ್ಬರಿನ ಹೊರಕೊಳವೆಯೊಂದರ ಮೂಲಕ ಆಹಾರವನ್ನು ಜಠರಕ್ಕೆ ಇಳಿಸಿಕೊಳ್ಳುತ್ತ ಹತ್ತು ವರ್ಷಗಳಿಗೂ ಮೀರಿ ಬದುಕಿದರು. ಇಂಗ್ಲೆಂಡಿನ ಐವರ್ ಲೂಯಿಸ್ 1946ರಲ್ಲಿ ವಿವರಿಸಿದ, ಹೊಟ್ಟೆ ಮತ್ತು ಬಲ ಎದೆಯ ಮೂಲಕ ನಡೆಸುವ ಶಸ್ತ್ರಚಿಕಿತ್ಸೆಯ ಮಾದರಿ ಇಂದಿಗೂ ಬಳಕೆಯಲ್ಲಿದೆ. ಕೊನೆಗೆ 1992ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದಿಂದ ಕುಶಿಯೆರಿ ಮತ್ತು ಅವರ ಸಂಗಡಿಗರು ಎದೆಯೊಳಗಿನ ಕೆಲಸವನ್ನು ದರ್ಶಕನಳಿಗೆಯ ಮೂಲಕ ಮಾಡಿದ ವರದಿಯನ್ನು ಪ್ರಕಟಿಸಿದರು. ಈ ಚರಿತ್ರೆಯ ಹೆಜ್ಜೆ ಹೆಜ್ಜೆಗೂ ಎದುರಾದ ಪ್ರಶ್ನೆ ಒಂದೇ: ರೋಗಿಯ ಉಸಿರನ್ನು ಹೇಗೆ ಕಾಪಾಡುವುದು?

ಇಂದು ಮೇಜಿನ ಮೇಲೆ ಉಸಿರನ್ನು ಕಾಪಾಡುವುದು ಅರಿವಳಿಕೆಯ ವೈದ್ಯರಿಗೆ ಕೈವಶವಾದ ವಿದ್ಯೆ. ಅಪಾಯವು ಮೇಜಿನಿಂದ ಇಳಿದ ಬಳಿಕ, ಎರಡನೆಯ ದಿನವೋ ನಾಲ್ಕನೆಯ ದಿನವೋ, ಬರುವುದು. ಶ್ವಾಸಕೋಶದ ಕೆಲವು ಭಾಗಗಳು ಕುಗ್ಗುವುವು. ಅಲ್ಲಿ ಕಫ ನಿಲ್ಲುವುದು. ನಿಂತ ಕಫದಲ್ಲಿ ರೋಗಾಣುಗಳು ಬೆಳೆದು ನ್ಯುಮೋನಿಯ ಆಗುವುದು. ಅದು ಉಲ್ಬಣಿಸಿದರೆ ರೋಗಿಯನ್ನು ಮತ್ತೆ ಉಸಿರಾಟದ ಯಂತ್ರಕ್ಕೆ ಜೋಡಿಸಬೇಕಾಗುವುದು. ಅನ್ನನಾಳದ ಶಸ್ತ್ರಚಿಕಿತ್ಸೆಯ ಬಳಿಕ ತಲೆದೋರುವ ತೊಡಕುಗಳಲ್ಲಿ ಅತಿ ಸಾಮಾನ್ಯವಾದದ್ದು ಇದು. ಪ್ರಾಣಕ್ಕೆ ಎರವಾಗುವವುಗಳಲ್ಲಿಯೂ ಇದು ಮುಂಚೂಣಿಯಲ್ಲಿದೆ.

ಹೀಗಾಗಲು ಕಾರಣವೇನು? ಇದನ್ನು ತಿಳಿಯಬೇಕಾದರೆ ಆರೋಗ್ಯವಂತರ ಉಸಿರಾಟವನ್ನೇ ಒಂದು ಗಳಿಗೆ ನೋಡಬೇಕು. ನಾವು ಸುಮ್ಮನೆ ಕುಳಿತಿರುವಾಗ ಒಂದೊಂದು ಉಸಿರಿಗೆ ಒಳಹೋಗುವ ಗಾಳಿ ಅರ್ಧ ಲೀಟರಿನಷ್ಟು. ಶ್ವಾಸಕೋಶಗಳಲ್ಲಿರುವ ಗಾಳಿಗೂಡುಗಳ ಸಂಖ್ಯೆಯೋ, ಮೂವತ್ತು ಕೋಟಿಗೂ ಮೇಲು. ಅಷ್ಟು ಸಣ್ಣ ಉಸಿರು ಇಷ್ಟೊಂದು ಗೂಡುಗಳನ್ನು ಸದಾ ಅರಳಿಸಿಡಲಾರದು. ಕೆಲವು ಕುಗ್ಗಿ ಮುಚ್ಚಿಕೊಳ್ಳುವುವು. ಆದಕಾರಣ ಮೆದುಳು ಸುಮಾರು ಐದು ನಿಮಿಷಕ್ಕೊಮ್ಮೆ, ನಮಗೆ ಅರಿವಿಲ್ಲದೆಯೇ, ಇಮ್ಮಡಿ ಆಳದ ಒಂದು ಉಸಿರನ್ನು ಎಳೆಸಿ ಅವನ್ನು ಮತ್ತೆ ತೆರೆಸುವುದು. ಇದೇ ನಿಟ್ಟುಸಿರು. ಕವಿಗಳು ಇದನ್ನು ವಿರಹಿಗಳಿಗೆ ಮೀಸಲಿಟ್ಟಿರುವರು. ಶರೀರವಿಜ್ಞಾನವು ಎಲ್ಲರಿಗೂ ಹಂಚಿಕೊಟ್ಟಿದೆ. ಎದೆಯಲ್ಲಿಯೂ ಮೇಲ್ಹೊಟ್ಟೆಯಲ್ಲಿಯೂ ನೋವಿರುವ ರೋಗಿ ನಿಟ್ಟುಸಿರಿಡಲಾರನು. ಅವನ ಉಸಿರು ಮೇಲುಮೇಲಿನದಾಗುವುದು, ವಪೆ ಸರಿಯಾಗಿ ಇಳಿಯದು.

ಇನ್ನು ಕೆಮ್ಮು. ಕೆಮ್ಮನ್ನು ನಾವು ರೋಗವೆಂದು ಬೈಯುವೆವು. ನಿಜವಾಗಿ ಅದು ಶ್ವಾಸಕೋಶದ ಕಸಬರಿಗೆ. ಓದುಗ ವಿದ್ಯಾರ್ಥಿಗಳು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಉಸಿರನ್ನು ಆದಷ್ಟೂ ಹೊರಗೆ ಬಿಟ್ಟು, ಹೊಸ ಉಸಿರನ್ನು ಎಳೆದುಕೊಳ್ಳದೆ ಕೆಮ್ಮಲು ಯತ್ನಿಸಿರಿ. ಬರುವುದು ಬರಿಯ ಗೊರಗೊರ ಸದ್ದು. ಕೆಮ್ಮಬೇಕಾದರೆ ಮೊದಲು ಆಳವಾಗಿ ಉಸಿರೆಳೆಯಬೇಕು; ಬಳಿಕ ಧ್ವನಿತಂತುಗಳು ಬಿಗಿಯಾಗಿ ಮುಚ್ಚಿಕೊಳ್ಳಬೇಕು; ಹೊಟ್ಟೆಯ ಸ್ನಾಯುಗಳು ಒತ್ತಡ ಹಾಕಬೇಕು; ಆಗ ತಂತುಗಳು ತಟ್ಟನೆ ತೆರೆದರೆ ಗಾಳಿ ರಭಸದಿಂದ ನುಗ್ಗಿ ಕಫವನ್ನು ಎತ್ತಿಕೊಂಡು ಬರುವುದು. ಈ ಮೂರು ಮೆಟ್ಟಿಲುಗಳಿಗೂ ಅನ್ನನಾಳದ ಶಸ್ತ್ರಚಿಕಿತ್ಸೆ ಪೆಟ್ಟು ಕೊಡಬಲ್ಲುದು. ಮೊದಲನೆಯದಕ್ಕೂ ಕೊನೆಯದಕ್ಕೂ ನೋವು ಅಡ್ಡಿ. ನಡುವಿನದಕ್ಕೆ ಅಡ್ಡಿ ಬರುವ ಬಗೆ ಸೋಜಿಗದ್ದು. ಎಡ ಧ್ವನಿತಂತುವನ್ನು ಆಡಿಸುವ ನರವು ಮೆದುಳಿನಿಂದ ನೇರವಾಗಿ ಧ್ವನಿಪೆಟ್ಟಿಗೆಗೆ ಬರದೆ, ಎದೆಯೊಳಕ್ಕೆ ಇಳಿದು, ಮಹಾಪಧಮನಿಯ ಕಮಾನನ್ನು ಬಳಸಿ, ಅನ್ನನಾಳ ಶ್ವಾಸನಾಳಗಳ ಸಂದಿನಲ್ಲಿ ಮತ್ತೆ ಮೇಲೇರುವುದು. ಜಿರಾಫೆಯಲ್ಲಿ ಈ ಬಳಸುದಾರಿ ಹಲವು ಮೀಟರು ಉದ್ದವಿದೆ! ಗೆಡ್ಡೆಯ ಜೊತೆಗೆ ದುಗ್ಧರಸ ಗ್ರಂಥಿಗಳನ್ನು ಬಿಡಿಸಿ ತೆಗೆಯುವಾಗ ಈ ನರಕ್ಕೆ ನೋವಾದರೆ ಧ್ವನಿತಂತು ಮುಚ್ಚಿಕೊಳ್ಳದು; ದನಿ ಒಡೆಯುವುದು, ಕೆಮ್ಮು ಸೊರಗುವುದು, ನುಂಗಿದ ನೀರೂ ಎಂಜಲೂ ಶ್ವಾಸನಾಳಕ್ಕೆ ಜಾರುವುವು.

ಅಷ್ಟಕ್ಕೇ ಮುಗಿಯಲಿಲ್ಲ. ಎದೆಗೆ ಏರಿಸಿದ ಜಠರವು ಅಲ್ಲಿ ಶ್ವಾಸಕೋಶದ ಜಾಗದಲ್ಲಿ ಪಾಲು ಕೇಳುವುದು. ಅನ್ನನಾಳದ ಕೆಳತುದಿಯಲ್ಲಿದ್ದ ಬಿಗಿಯಾದ ಕವಾಟವು ಹೋದದ್ದರಿಂದ ಮಲಗಿದಾಗ ಜಠರದ ರಸ ಗಂಟಲಿಗೆ ಹರಿಯುವುದು. ಹೊಸ ಹೊಲಿಗೆ ಬಿಟ್ಟುಕೊಂಡು ಸೋರಿದರೆ ಎದೆಯೊಳಗೆ ಕೀವಾಗಿ ಶ್ವಾಸಕೋಶವನ್ನು ಕೆಡಿಸುವುದು. ಮೇಲಾಗಿ, ಶಸ್ತ್ರವೈದ್ಯರಿಗೆ ಅನ್ನನಾಳ ಕಾಣಬೇಕಾದರೆ ಬಲ ಶ್ವಾಸಕೋಶ ದಾರಿಯಿಂದ ಸರಿಯಬೇಕು. ಅದಕ್ಕಾಗಿ ಸಾಮಾನ್ಯವಾಗಿ ಅದರ ಗಾಳಿ ತೆಗೆದು, ಎಡದ ಒಂದರಿಂದಲೇ ಗಂಟೆಗಟ್ಟಲೆ ಉಸಿರಾಡಿಸುವರು. ಈ ಸಂಗತಿ ಉದ್ದ ಗಾಯದಲ್ಲಿಯೂ ಉಂಟು, ಸಣ್ಣ ರಂಧ್ರದಲ್ಲಿಯೂ ಉಂಟು.

ಹಾಗಾದರೆ ಸಣ್ಣ ರಂಧ್ರದಿಂದ ಲಾಭವೇ ಇಲ್ಲವೆ? ಇದೆ, ಅದನ್ನು ಅಲ್ಲಗಳೆಯುವುದು ಅನ್ಯಾಯ. ಹಾಲೆಂಡ್, ಸ್ಪೇನ್ ಮತ್ತು ಇಟಲಿ ದೇಶಗಳ ಐದು ಆಸ್ಪತ್ರೆಗಳಲ್ಲಿ ನಡೆದ 'ಟೈಮ್' ಎಂಬ ಪ್ರಯೋಗದ ಫಲಿತಾಂಶ 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಟ್ಟು 115 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ತೆರೆದ ಶಸ್ತ್ರಚಿಕಿತ್ಸೆಯನ್ನೂ ಇನ್ನೊಂದಕ್ಕೆ ಸಣ್ಣ ರಂಧ್ರದ್ದನ್ನೂ ನಿಗದಿಮಾಡಿದ್ದರು. ಮೊದಲ ಎರಡು ವಾರಗಳಲ್ಲಿ ಶ್ವಾಸಕೋಶದ ಸೋಂಕು ತಗಲಿದ್ದು ತೆರೆದ ಗುಂಪಿನ 56 ಮಂದಿಯಲ್ಲಿ 16 ಜನರಿಗೆ, ರಂಧ್ರದ ಗುಂಪಿನ 59 ಮಂದಿಯಲ್ಲಿ 5 ಜನರಿಗೆ. ಶೇಕಡ 29 ಎಲ್ಲಿ, ಶೇಕಡ 9 ಎಲ್ಲಿ! ಫ್ರಾನ್ಸಿನಲ್ಲಿ 207 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ನಮ್ಮ ದೃಷ್ಟಿಯಲ್ಲಿ ಇನ್ನೂ ಬೋಧಪ್ರದ. ಅಲ್ಲಿ ಎರಡು ಗುಂಪಿನವರಿಗೂ ಎದೆಯನ್ನು ತೆರೆದೇ ಕೆಲಸ ಮಾಡಿದರು. ಹೊಟ್ಟೆಯ ಕೆಲಸವನ್ನು ಮಾತ್ರ ಒಂದು ಗುಂಪಿಗೆ ಸಣ್ಣ ರಂಧ್ರಗಳ ಮೂಲಕ ನಡೆಸಿದರು. ಆದರೂ ಶ್ವಾಸಕೋಶದ ಗಂಭೀರ ತೊಡಕುಗಳು ಶೇಕಡ 30ರಿಂದ 18ಕ್ಕೆ ಇಳಿದುವು. ಹೊಟ್ಟೆಯ ಗಾಯಕ್ಕೂ ಶ್ವಾಸಕೋಶಕ್ಕೂ ಏನು ಸಂಬಂಧವೆಂದು ಕೇಳುವವರು ವಪೆಯನ್ನು ನೆನೆಯಬೇಕು. ಮೇಲ್ಹೊಟ್ಟೆ ನೊಂದರೆ ವಪೆ ಅಳುಕುವುದು.

ಇಷ್ಟಾದ ಮೇಲೆ ಸಣ್ಣ ರಂಧ್ರವೇ ಗೆದ್ದಿತೆಂದು ಡಂಗುರ ಸಾರಬಹುದಲ್ಲವೆ ಎಂದರೆ, ಅಲ್ಲಿಯೇ ನಮ್ಮ ತಕರಾರು. ಹಾಲೆಂಡ್ ದೇಶದಲ್ಲಿ 2011ರಿಂದ ಇಂಥ ಶಸ್ತ್ರಚಿಕಿತ್ಸೆಗಳ ರಾಷ್ಟ್ರೀಯ ದಾಖಲೆಯನ್ನು ಇಡುತ್ತಿರುವರು. ಆಯ್ದ ಕೆಲವು ಆಸ್ಪತ್ರೆಗಳ ಪ್ರಯೋಗವನ್ನು ಬಿಟ್ಟು, ದೇಶದ ಎಲ್ಲ ಆಸ್ಪತ್ರೆಗಳ ದಿನನಿತ್ಯದ ಕೆಲಸವನ್ನು ಆ ದಾಖಲೆಯಿಂದ ತೂಗಿ 2017ರಲ್ಲಿ ಪ್ರಕಟಿಸಿದಾಗ, ಶ್ವಾಸಕೋಶದ ತೊಡಕುಗಳು ಎರಡೂ ವಿಧಾನಗಳಲ್ಲಿ ಹೆಚ್ಚುಕಡಿಮೆ ಸಮವಾಗಿ, ಮೂರರಲ್ಲಿ ಒಬ್ಬರಿಗೆ ಎಂಬಷ್ಟು, ಕಂಡುಬಂದುವು. ಅದಕ್ಕೆ ಮೇಲಾಗಿ, ಹೊಲಿಗೆ ಸೋರಿದ್ದು ಸಣ್ಣ ರಂಧ್ರದವರಲ್ಲಿಯೇ ಹೆಚ್ಚು. ಅದೇ ದೇಶ, ಅದೇ ದಶಕ, ಅದೇ ಉಪಕರಣ. ಫಲ ಮಾತ್ರ ಬೇರೆ. ಇದರ ಒಂದು ವಿವರಣೆ ಯೂರೋಪಿನ ನಾಲ್ಕು ಆಸ್ಪತ್ರೆಗಳ ಅನುಭವವನ್ನು ಕುರಿತು 2019ರಲ್ಲಿ ಪ್ರಕಟವಾದ ಲೇಖನದಲ್ಲಿ ದೊರೆಯುವುದು. ಈ ವಿದ್ಯೆ ಕೈಗೆ ಪೂರ್ತಿ ಹತ್ತಬೇಕಾದರೆ ಒಂದು ತಂಡವು ಸರಾಸರಿ 119 ಶಸ್ತ್ರಚಿಕಿತ್ಸೆಗಳನ್ನು ಮಾಡಬೇಕಾಯಿತು. ಕಲಿಯುವಾಗ ನೂರಕ್ಕೆ ಸುಮಾರು 19 ಮಂದಿಯಲ್ಲಿ ಸೋರುತ್ತಿದ್ದ ಹೊಲಿಗೆ ಕಲಿತ ಬಳಿಕ ನಾಲ್ಕೈದು ಮಂದಿಯಲ್ಲಿ ಮಾತ್ರ ಸೋರಿತು. ವರ್ಷಕ್ಕೆ ಹತ್ತು ಹನ್ನೆರಡು ಇಂಥ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆ 119ನ್ನು ಮುಟ್ಟಲು ಹತ್ತು ವರ್ಷ ಬೇಕೆಂಬುದನ್ನು ವಿದ್ಯಾರ್ಥಿಗಳು ಭಾಗಾಕಾರದಿಂದ ಕಂಡುಕೊಳ್ಳಬಹುದು. ವರ್ಷಕ್ಕೆ 20ಕ್ಕಿಂತ ಕಡಿಮೆ ಮಾಡುವ ಆಸ್ಪತ್ರೆಗಳು ಈ ಕೆಲಸಕ್ಕೆ ಕೈಹಾಕಬಾರದೆಂದು ಹಾಲೆಂಡಿನಲ್ಲಿ 2011ರಿಂದ ಕಟ್ಟುಮಾಡಿರುವುದು ಸುಮ್ಮನೆ ಅಲ್ಲ.

ಆದರೆ ಕೈಚಳಕವೊಂದೇ ಎಲ್ಲವನ್ನೂ ವಿವರಿಸುವುದೆಂದು ನಾವು ನಂಬುವುದಿಲ್ಲ. ಗಾಯದ ಆಚೆಗೆ, ರೋಗಿಯ ಮಂಚದ ಬಳಿ ನಡೆಯುವ ಕೆಲಸಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಮೂರು ಆಸ್ಪತ್ರೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನೋಡಿರಿ. ಅದು ಮೇಲ್ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ ಸಂಬಂಧಿಸಿದ್ದು, ಅನ್ನನಾಳಕ್ಕೇ ಮೀಸಲಾದದ್ದಲ್ಲ. ಆದರೂ ಪಾಠ ಇಲ್ಲಿಗೆ ಹೊಂದುವುದು. ಶಸ್ತ್ರಚಿಕಿತ್ಸೆಗೆ ಮುಂಚೆ ಅಂಗಮರ್ದನ ತಜ್ಞರು, ಎಂದರೆ ಇಂದು ನಾವು ಫಿಸಿಯೋಥೆರಪಿಸ್ಟರೆಂದು ಕರೆಯುವವರು, ರೋಗಿಯ ಜೊತೆ ಒಮ್ಮೆ, ಕೇವಲ ಅರ್ಧ ಗಂಟೆ ಕುಳಿತು, ಎಚ್ಚರವಾದೊಡನೆ ಏಕೆ ಆಳವಾಗಿ ಉಸಿರೆಳೆಯಬೇಕು, ಹೇಗೆ ಕೆಮ್ಮಬೇಕು ಎಂಬುದನ್ನು ತಿಳಿಹೇಳಿ ಅಭ್ಯಾಸ ಮಾಡಿಸಿದರು. ಹೋಲಿಕೆಯ ಗುಂಪಿನವರಿಗೆ ಕೈಪಿಡಿ ಮಾತ್ರ ಕೊಟ್ಟರು. ಕೈಪಿಡಿಯವರಲ್ಲಿ ಶೇಕಡ 27 ಮಂದಿಗೆ ಶ್ವಾಸಕೋಶದ ತೊಡಕು ಬಂದರೆ, ಅರ್ಧ ಗಂಟೆಯ ಪಾಠ ಕೇಳಿದವರಲ್ಲಿ ಶೇಕಡ 12 ಮಂದಿಗೆ ಬಂದಿತು. ಕೋಟಿಗಟ್ಟಲೆ ಬೆಲೆಯ ಯಂತ್ರಗಳಿಂದ ಇದಕ್ಕಿಂತ ಹೆಚ್ಚಿನದನ್ನು ನಾವು ನಿರೀಕ್ಷಿಸಬಹುದೆ?

ನಮ್ಮ ವಾದಕ್ಕೆ ಎದುರಾದ ಸಾಕ್ಷ್ಯವನ್ನೂ ಮುಚ್ಚಿಡತಕ್ಕದ್ದಲ್ಲ. ಉಸಿರೆಳೆಯುವ ಸ್ನಾಯುಗಳಿಗೆ ಉಪಕರಣವೊಂದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆ ಕಸರತ್ತು ಮಾಡಿಸಿದರೆ ನ್ಯುಮೋನಿಯ ತಗ್ಗೀತೆಂದು ಯೂರೋಪಿನಲ್ಲಿ ಅನ್ನನಾಳದ ರೋಗಿಗಳ ಮೇಲೆಯೇ ಪರೀಕ್ಷಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸ್ನಾಯುಗಳು ಬಲಿತುವು, ನ್ಯುಮೋನಿಯ ತಗ್ಗಲಿಲ್ಲ. ಇದರಿಂದ ನಾವು ತಿಳಿಯುವುದೇನೆಂದರೆ, ಸ್ನಾಯುವಿನ ಬಲವೊಂದನ್ನೇ ಹೆಚ್ಚಿಸಿದರೆ ಸಾಲದು. ನೋವು ತಗ್ಗಬೇಕು, ತಲೆದಿಂಬು ಎತ್ತರವಾಗಿರಬೇಕು, ಮಾರನೆಯ ದಿನವೇ ಯಾರಾದರೂ ಕೈಹಿಡಿದು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಬೇಕು, ಮೊದಲ ಗುಟುಕು ನೀರು ಕೊಡುವಾಗ ಅದು ಎತ್ತ ಹೋಗುವುದೆಂದು ನೋಡುವವರು ಬಳಿಯಿರಬೇಕು, ನಡುರಾತ್ರಿ ಉಸಿರಿನ ವೇಗ ಏರಿದ್ದನ್ನು ಬೆಳಗಿನವರೆಗೆ ಕಾಯದೆ ಗುರುತಿಸುವ ದಾದಿಯಿರಬೇಕು. ಬಾಯಿಯ ಶುಚಿಯೂ ಈ ಸಾಲಿಗೆ ಸೇರುವುದು. ಶ್ವಾಸಕೋಶಕ್ಕೆ ಜಾರುವ ಎಂಜಲಿನಲ್ಲಿ ಹಲ್ಲಿನ ಕೊಳೆಯ ರೋಗಾಣುಗಳಿರುವುದರಿಂದ, ಶಸ್ತ್ರಚಿಕಿತ್ಸೆಗೆ ಮುಂಚೆ ಹಲ್ಲು ಒಸಡುಗಳನ್ನು ಚೊಕ್ಕಟಗೊಳಿಸಿದವರಲ್ಲಿ ನ್ಯುಮೋನಿಯ ಕಡಿಮೆಯೆಂದು ಜಪಾನಿನ ಅಧ್ಯಯನಗಳು ತೋರಿಸಿವೆ. ಹಲ್ಲುಜ್ಜುವ ಬ್ರಷ್ಷು ಶಸ್ತ್ರವೈದ್ಯನ ಉಪಕರಣಗಳಲ್ಲಿ ಒಂದೆಂದು ಹೇಳಿದರೆ ನಗುವವರು ಇರಬಹುದು, ನಾವು ನಗುವುದಿಲ್ಲ.

ರೋಗಿಯ ಮನೆಯವರು ಆಸ್ಪತ್ರೆಯನ್ನು ಆರಿಸುವಾಗ "ರಂಧ್ರ ಎಷ್ಟು ಚಿಕ್ಕದು?" ಎಂದು ಕೇಳುವುದಕ್ಕೆ ಮೊದಲು, ಕಳೆದ ವರ್ಷ ಇಲ್ಲಿ ಇಂಥ ಶಸ್ತ್ರಚಿಕಿತ್ಸೆ ಎಷ್ಟು ನಡೆದುವು, ಅವರಲ್ಲಿ ಎಷ್ಟು ಮಂದಿಗೆ ನ್ಯುಮೋನಿಯ ಬಂದಿತು, ರಾತ್ರಿಯ ಪಾಳಿಯಲ್ಲಿ ಕೆಮ್ಮಿಸುವವರು ಯಾರು ಎಂದು ಕೇಳುವ ಹಕ್ಕುಳ್ಳವರು. ಆಸ್ಪತ್ರೆಗಳು ಈ ಅಂಕಿಗಳನ್ನು ತಾವಾಗಿಯೇ ಪ್ರಕಟಿಸಬೇಕು. ಹಾಲೆಂಡಿನಲ್ಲಿರುವಂಥ ದಾಖಲೆ ನಮ್ಮಲ್ಲಿಯೂ ಕಡ್ಡಾಯವಾಗಬೇಕು. ಅಂಕಿಗಳು ಬಯಲಾದರೆ ಆಸ್ಪತ್ರೆಯ ಮರ್ಯಾದೆ ಹೋಗುವುದೆಂಬ ಅಳುಕು ಕೆಲವರಿಗೆ ಇದ್ದೀತು. ಹೊಲಿಗೆ ಸೋರಿದ ಲೆಕ್ಕವನ್ನು ಬಯಲಿಗಿಟ್ಟ ಯೂರೋಪಿನ ಆ ನಾಲ್ಕು ಆಸ್ಪತ್ರೆಗಳ ಮರ್ಯಾದೆ ನಮ್ಮ ಕಣ್ಣಿನಲ್ಲಿ ಏರಿತೇ ಹೊರತು ಇಳಿಯಲಿಲ್ಲ.

ತಂಬಾಕಿನ ಮಾತು ಉಳಿದಿದೆ. ಶ್ವಾಸನಾಳಗಳ ಒಳಗೋಡೆಯಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳಿವೆ. ಹೊಗೆ ಅವನ್ನು ಜಡಗೊಳಿಸುವುದು. ಶಸ್ತ್ರಚಿಕಿತ್ಸೆಗೆ ನಾಲ್ಕು ವಾರ ಅಥವಾ ಅದಕ್ಕೂ ಮುಂಚೆ ಹೊಗೆ ಬಿಟ್ಟವರಿಗೆ ತೊಡಕುಗಳು ಕಡಿಮೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿದೆ. ಕ್ಯಾನ್ಸರಿನಂಥ ರೋಗದಲ್ಲಿ ನಾಲ್ಕು ವಾರ ಕಾಯುವುದು ಎಲ್ಲಿ ಸಾಧ್ಯ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಅನ್ನನಾಳದ ಕ್ಯಾನ್ಸರಿನಲ್ಲಿ ಕಾಯುವ ಕಾಲ ತಾನಾಗಿಯೇ ಒದಗುವುದುಂಟು. 2012ರಲ್ಲಿ ಹಾಲೆಂಡಿನಿಂದ ಪ್ರಕಟವಾಗಿ ಬಳಿಕ ಅನೇಕ ಕಡೆ ರೂಢಿಗೆ ಬಂದ ಕ್ರಮದಲ್ಲಿ, ಮೊದಲು ಐದು ವಾರ ಔಷಧ ಮತ್ತು ವಿಕಿರಣಗಳ ಚಿಕಿತ್ಸೆ. ಅದು ಮುಗಿದು ನಾಲ್ಕಾರು ವಾರಗಳ ಮೇಲೆ ಶಸ್ತ್ರಚಿಕಿತ್ಸೆ. ಬೀಡಿ ಬಿಡಿಸುವುದಕ್ಕೂ, ಹಲ್ಲಿನ ವೈದ್ಯರಿಗೆ ತೋರಿಸುವುದಕ್ಕೂ, ನುಂಗಲು ಕಷ್ಟಪಡುವವರಿಗೆ ಅಂಬಲಿಯನ್ನೋ ಹಾಲನ್ನೋ ಕೊಟ್ಟು ಮೈಯಲ್ಲಿ ಕಸುವು ಉಳಿಸುವುದಕ್ಕೂ, ಎದೆಗೆ ದಿಂಬನ್ನು ಅವಚಿಕೊಂಡು ಕೆಮ್ಮುವುದನ್ನು ಕಲಿಸುವುದಕ್ಕೂ ಈ ಒಂಬತ್ತು ಹತ್ತು ವಾರಗಳು ಸಾಕು. ಆ ವಾರಗಳಲ್ಲಿ ರೋಗಿ ಆಸ್ಪತ್ರೆಗೆ ಹೇಗೂ ಬಂದುಹೋಗುತ್ತಲೇ ಇರುವನು.